ಬಿದ್ದವರ ಪಟ್ಟಿಯೂ ಇರಲಿ: ಆಟದ ಗಾಯ ತಡೆಯುವ ವಿದ್ಯೆ ನಡೆದು ಬಂದ ದಾರಿ

ಸುವರ್ಣ ಮಹೋತ್ಸವದ ಸಂಚಿಕೆಗೆ ನಮ್ಮ ಶಾಲೆಯ ಕ್ರೀಡೆಯ ಬಗ್ಗೆ ಒಂದು ಲೇಖನ ಬರೆದುಕೊಡಬೇಕೆಂದು ಸಂಚಿಕೆ ಸಮಿತಿಯ ಹಿರಿಯರು ಫೋನ್ ಮಾಡಿದಾಗ ತಕ್ಷಣ ಒಪ್ಪಿಕೊಂಡೆ. ಓದಿನಲ್ಲಿ ನಾನು ನಡುವಿನ ಸಾಲಿನವನು. ಕಬಡ್ಡಿಯಲ್ಲಿ ಮಾತ್ರ ಮುಂದಿನ ಸಾಲಿನವನು. ಎರಡು ದಿನ ರಜೆ ಹಾಕಿ ಬೆಂಗಳೂರಿನಿಂದ ಊರಿಗೆ ಬಂದೆ. ಮುಖ್ಯಗುರುಗಳು ಬೀರು ತೆಗೆಸಿ ಹಳೆಯ ಪ್ರಮಾಣಪತ್ರ, ಶೀಲ್ಡು, ಗುಂಪು ಫೋಟೊಗಳನ್ನೆಲ್ಲ ಮೇಜಿನ ಮೇಲೆ ಇಡಿಸಿದರು. ವಲಯ ಮಟ್ಟ, ತಾಲೂಕು ಮಟ್ಟ, ಕಲಬುರಗಿಯ ಚಂದ್ರಶೇಖರ ಪಾಟೀಲ ಕ್ರೀಡಾಂಗಣದಲ್ಲಿ ನಡೆದ ಜಿಲ್ಲಾ ಮಟ್ಟದ ಕೂಟಗಳು, ಎಲ್ಲದರಲ್ಲೂ ಗೆದ್ದವರ ಹೆಸರುಗಳಿದ್ದವು. ಧೂಳು ಒರೆಸಿ ಒಂದೊಂದೇ ಓದುತ್ತ ಹೋದೆ.

2003ರ ಶೀಲ್ಡು ಕೈಗೆ ಬಂದಾಗ ಅಲ್ಲೇ ನಿಂತುಬಿಟ್ಟೆ. ಅದು ನಾನು ನಾಯಕನಾಗಿದ್ದ ಕಬಡ್ಡಿ ತಂಡ ಗೆದ್ದ ಶೀಲ್ಡು. ಅದನ್ನು ನೋಡಿದರೆ ನನಗೆ ಗೆಲುವಿಗಿಂತ ಮೊದಲು ನೆನಪಾಗುವುದು ನನ್ನ ಗೆಳೆಯನ ಕಾಲು. ಆದ್ದರಿಂದ ಈ ಲೇಖನ ಸಮಿತಿಯವರು ಕೇಳಿದ್ದಕ್ಕಿಂತ ಸ್ವಲ್ಪ ಬೇರೆಯಾಗಿದೆ. ಗೆದ್ದವರ ಬಗ್ಗೆ ಬರೆಯುವವರು ಬಹಳ ಜನ ಇದ್ದಾರೆ. ಆಟದಲ್ಲಿ ಆಗುವ ಗಾಯಗಳ ಬಗ್ಗೆ, ಅವನ್ನು ತಡೆಯಲು ಮನುಷ್ಯ ಕಲಿತುಕೊಂಡ ವಿದ್ಯೆಯ ಬಗ್ಗೆ, ಅದು ನಮ್ಮ ಸೀಮೆಯಲ್ಲೇ ಹೇಗಿತ್ತು, ಎಲ್ಲಿ ತಪ್ಪಿಹೋಯಿತು ಎಂಬುದರ ಬಗ್ಗೆ ನಾಲ್ಕು ಮಾತು ಬರೆಯುತ್ತಿದ್ದೇನೆ. ಓದುಗರು ಸಮಾಧಾನದಿಂದ ಓದಬೇಕೆಂದು ಕೋರುತ್ತೇನೆ.

ಆ ದಿನ ನಡೆದದ್ದು

ವಲಯ ಮಟ್ಟದ ಕ್ರೀಡಾಕೂಟ ಕಮಲಾಪುರದಲ್ಲಿತ್ತು. ಟೆಂಪೋದಲ್ಲಿ ಒತ್ತೊತ್ತಾಗಿ ಕೂತು ಹೋದೆವು. ತಲುಪುವಷ್ಟರಲ್ಲಿ ನಮ್ಮ ತಂಡದ ಹೆಸರು ಕೂಗುತ್ತಿದ್ದರು. ನಮ್ಮ ದೈಹಿಕ ಶಿಕ್ಷಕರು ಶಾಲೆಯಲ್ಲಿ ದಿನವೂ ಹೇಳುತ್ತಿದ್ದ ಮಾತು ಒಂದೇ: "ಮೊದಲ ಮೈ ಕಾಯಿಸ್ರೋ, ಆಮೇಲೆ ಆಡ್ರಿ." ಆದರೆ ಅಂದು ಅವರನ್ನು ಓಟದ ಸ್ಪರ್ಧೆಯ ಕೆಲಸಕ್ಕೆ ಹಾಕಿದ್ದರು. ಇತ್ತ ನಾವು ಕೂತಿದ್ದವರು ಎದ್ದು, ಅಂಗಿ ಬಿಚ್ಚಿ, ನೇರವಾಗಿ ಅಂಕಣಕ್ಕೆ ಇಳಿದೆವು. ಹಿಂದಿನ ವಾರ ಮಳೆಯಾಗಿ, ಆಮೇಲೆ ಬಿಸಿಲು ಬಿದ್ದು ಎರೆಮಣ್ಣಿನ ನೆಲ ಗಟ್ಟಿಯಾಗಿತ್ತು. ಎತ್ತಿನ ಹೆಜ್ಜೆಯ ಗುಳಿಗಳು ಹಾಗೇ ಒಣಗಿ ನಿಂತಿದ್ದವು.

ಮೊದಲ ಪಂದ್ಯದಲ್ಲೇ ನನ್ನ ಗೆಳೆಯನ ಪಾದ ಒಂದು ಗುಳಿಗೆ ಬಿದ್ದು ಒಳಗೆ ಮಡಚಿತು. ಹೊರಗೆ ಕೂರಿಸಿದೆವು. ಹಿಮ್ಮಡಿಗಂಟು ಅರ್ಧ ಗಂಟೆಯಲ್ಲಿ ಊದಿ ನಿಂಬೆಹಣ್ಣಿನಷ್ಟಾಯಿತು. ಯಾರೋ ಎಣ್ಣೆ ಹಚ್ಚಿ ಬಲವಾಗಿ ತಿಕ್ಕಿದರು. ನಾನು ಟವೆಲ್ ಬಿಗಿಯಾಗಿ ಕಟ್ಟಿದೆ. ಮಧ್ಯಾಹ್ನ ಅಂತಿಮ ಪಂದ್ಯ. ಅವನು ನಮ್ಮ ತಂಡದ ಒಳ್ಳೆಯ ರೈಡರ್. ನಾನು ಹತ್ತಿರ ಹೋಗಿ ಕೇಳಿದೆ.

"ನಿಂದರ್ಲಿಕ್ಕ ಬರ್ತದಿಲ್ಲೋ?"

"ಬರ್ತದ."

"ಹಂಗಾದ್ರ ಆಡ್ಲಿಕ್ಕೂ ಬರ್ತದ. ಏಳು."

ಅವನು ಎದ್ದ, ಆಡಿದ. ನಾವು ಗೆದ್ದೆವು. ಊರಿಗೆ ಹಲಿಗೆ ಬಾರಿಸುತ್ತ ಬಂದೆವು. ಅವನ ಮನೆಯಲ್ಲಿ ಸುಣ್ಣ, ಅರಿಶಿನ ಹಚ್ಚಿ ಬಟ್ಟೆ ಕಟ್ಟಿದರು. ಎಂಟು ದಿನಕ್ಕೆ ಊತ ಇಳಿಯಿತು. ಕಾಲು ಸರಿಹೋಯಿತು ಎಂದುಕೊಂಡೆವು. ಆದರೆ ಆ ವರ್ಷವೇ ಮತ್ತೆ ಎರಡು ಸಲ ಅದೇ ಕಾಲು ಉಳುಕಿತು. ಮುಂದೆ ಪಿಯುಸಿ ಮುಗಿಸಿ ಪೊಲೀಸ್ ಭರ್ತಿಗೆ ಹೋದ. ಬರವಣಿಗೆಯ ಪರೀಕ್ಷೆಯ ಭಯ ಅವನಿಗಿರಲಿಲ್ಲ. ಓಟದ ದಿನ ತಿರುವಿನಲ್ಲಿ ಕಾಲು ಕೈಕೊಟ್ಟಿತು. ಮರುವರ್ಷ ಮತ್ತೆ ಹೋದ. ಮತ್ತೆ ಹಾಗೇ ಆಯಿತು. ಆಮೇಲೆ ಹೋಗಲಿಲ್ಲ. ನಾನು ಕಲಬುರಗಿಯಲ್ಲಿ ಬಿಇ ಮುಗಿಸಿ ಬೆಂಗಳೂರಿಗೆ ಹೋದೆ. ಅವನು ಊರಲ್ಲಿ ಹೊಲ ಮಾಡಿಕೊಂಡಿದ್ದಾನೆ.

ನಮ್ಮ ಕಡೆ ಸರ್ಕಾರಿ ನೌಕರಿಯ ಒಂದು ಓಟ ಎಂದರೆ ಒಂದು ಮನೆಯ ನಲವತ್ತು ವರ್ಷದ ಅನ್ನ. ಆಟದ ಗಾಯವನ್ನು ಸಣ್ಣ ವಿಷಯ ಎನ್ನುವವರು ಇದನ್ನು ಲೆಕ್ಕಕ್ಕೆ ಹಿಡಿಯಬೇಕು.

ಕಲ್ಯಾಣದ ಅರಸನ ಪುಸ್ತಕ

ಗಾಯ ತಡೆಯುವುದು ವಿದೇಶದಿಂದ ಬಂದ ಹೊಸ ವಿದ್ಯೆ ಎಂದು ನಾನೂ ತಿಳಿದಿದ್ದೆ. ಓದುತ್ತ ಹೋದಂತೆ, ಅದರ ಒಂದು ಹಳೆಯ ಎಳೆ ನಮ್ಮ ಮಗ್ಗುಲಲ್ಲೇ ಸಿಕ್ಕಿತು. ಕಲಬುರಗಿಯಿಂದ ಕಮಲಾಪುರದ ಮೇಲೆ ಹುಮನಾಬಾದಿಗೆ ಹೋಗಿ, ಅಲ್ಲಿಂದ ಮುಂದೆ ಹೋದರೆ ಬಸವಕಲ್ಯಾಣ. ಅಲ್ಲಿಂದ ಆಳಿದ ಕಲ್ಯಾಣದ ಚಾಲುಕ್ಯರ ಅರಸ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದ ಮೊದಲ ಭಾಗದಲ್ಲಿ 'ಮಾನಸೋಲ್ಲಾಸ' ಎಂಬ ಸಂಸ್ಕೃತ ಗ್ರಂಥ ಬರೆದ. 'ಅಭಿಲಷಿತಾರ್ಥ ಚಿಂತಾಮಣಿ' ಎಂಬುದು ಅದರ ಇನ್ನೊಂದು ಹೆಸರು. ಇಪ್ಪತ್ತು ಇಪ್ಪತ್ತು ಅಧ್ಯಾಯಗಳ ಐದು ಭಾಗಗಳು, ಒಟ್ಟು 100 ಅಧ್ಯಾಯಗಳು. ರಾಜ್ಯಭಾರದಿಂದ ಅಡುಗೆಯವರೆಗೆ ಎಲ್ಲವೂ ಅದರಲ್ಲಿದೆ. ವಿನೋದಗಳ ಭಾಗದಲ್ಲಿ 'ಮಲ್ಲವಿನೋದ' ಎಂಬ ಕುಸ್ತಿಯ ಅಧ್ಯಾಯವೂ ಇದೆ.

ಅದರಲ್ಲಿ ಮಲ್ಲರನ್ನು ವಯಸ್ಸು, ಮೈಕಟ್ಟು, ಬಲ ನೋಡಿ ವರ್ಗ ಮಾಡಲಾಗಿದೆ. ಅವರು ಏನು ತಿನ್ನಬೇಕು, ಹೇಗೆ ಸಾಮು ಮಾಡಬೇಕು ಎಂಬುದೂ ಇದೆ. ಬೇಳೆಕಾಳು, ಮಾಂಸ, ಹಾಲು, ಸಕ್ಕರೆ ಒದಗಿಸುವುದು ಅರಸನ ಹೊಣೆ. ಭಾರ ಎತ್ತುವುದಕ್ಕೆ ಭಾರಶ್ರಮ, ನಡಿಗೆಗೆ ಭ್ರಮಣಶ್ರಮ, ಈಜಿಗೆ ಸಲಿಲಶ್ರಮ, ಕಂಬದ ಮೇಲಿನ ಸಾಮಿಗೆ ಸ್ತಂಭಶ್ರಮ ಎಂದು ವ್ಯಾಯಾಮಕ್ಕೆ ಬೇರೆ ಬೇರೆ ಹೆಸರು. ಈ ಸ್ತಂಭಶ್ರಮವನ್ನೇ ಇಂದಿನ ಮಲ್ಲಕಂಬದ ಹಳೆಯ ಉಲ್ಲೇಖವೆಂದು ಹೇಳುತ್ತಾರೆ.

ಇಂದಿನ ಕ್ರೀಡಾ ವಿಜ್ಞಾನದ ಕಣ್ಣಿನಿಂದ ಇದನ್ನು ನೋಡಿ. ಸಮಬಲದವರನ್ನು ಮಾತ್ರ ಎದುರುಬದುರು ಬಿಟ್ಟರೆ ಅರ್ಧ ಗಾಯ ಅಲ್ಲೇ ತಪ್ಪುತ್ತದೆ. ಒಂದೇ ಬಗೆಯ ಕೆಲಸವನ್ನೇ ದಿನವೂ ಮಾಡದೆ ಭಾರ, ನಡಿಗೆ, ಈಜು ಎಂದು ಬದಲಿಸಿದರೆ ಒಂದೇ ಕೀಲು ಸವೆಯುವುದಿಲ್ಲ. ಹೊಟ್ಟೆ ತುಂಬ ಉಂಡವನ ಸ್ನಾಯು ಬೇಗ ದಣಿಯುವುದಿಲ್ಲ. ಇದಕ್ಕೆ ಆಗ 'ಗಾಯ ತಡೆ' ಎಂಬ ಹೆಸರಿರಲಿಲ್ಲ. ವಿದ್ಯೆ ಮಾತ್ರ ಇತ್ತು.

ಗರಡಿ ಮನೆಯ ಮಣ್ಣು

ಆ ವಿದ್ಯೆ ಅರಸರ ಜೊತೆ ಹೋಗಿಬಿಡಲಿಲ್ಲ. ನಮ್ಮ ಮುತ್ಯಾಂದಿರ ಕಾಲದವರೆಗೂ ಊರೂರಿನ ಗರಡಿ ಮನೆಗಳಲ್ಲಿ, ನಮ್ಮ ಕಡೆಯ ಮಾತಿನಲ್ಲಿ ತಾಲೀಮಿನಲ್ಲಿ ಉಳಿದಿತ್ತು. ನಮ್ಮ ಮುತ್ಯಾ ಪೈಲ್ವಾನನೇನಲ್ಲ, ಆದರೆ ಹರೆಯದಲ್ಲಿ ಎರಡು ವರ್ಷ ತಾಲೀಮಿಗೆ ಹೋಗಿದ್ದ. ಅವನು ಹೇಳುತ್ತಿದ್ದದ್ದು: "ಮೊದಲು ಮಣ್ಣು ಅಗೀಬೇಕ್ರೋ. ಅಗದವಗಷ್ಟೇ ಆಡ್ಲಿಕ್ಕ ಬಿಡೋರು."

ಇದು ಬಡಾಯಿಯ ಮಾತಲ್ಲ. ತಾಲೀಮಿನ ಕೆಂಪು ಮಣ್ಣನ್ನು ಸಾಣಿಸಿ, ಎಣ್ಣೆ, ಮಜ್ಜಿಗೆ, ಅರಿಶಿನ ಬೆರೆಸಿ ಹದ ಮಾಡುತ್ತಿದ್ದರು. ದಿನವೂ ಆಟಕ್ಕೆ ಮುಂಚೆ ಹುಡುಗರೇ ಗುದ್ದಲಿ ಹಿಡಿದು ಅದನ್ನು ಕೆದರಬೇಕು. ಹೀಗೆ ಎರಡು ಕೆಲಸ ಒಟ್ಟಿಗೇ ಆಗುತ್ತಿದ್ದವು. ನೆಲ ಮೆತ್ತಗಾಗುತ್ತಿತ್ತು, ಅಗೆಯುವವನ ಮೈ ಕಾಯುತ್ತಿತ್ತು. ಆಮೇಲೆ ದಂಡ, ಬೈಠಕ್. ಆಮೇಲೆ ಹಿರಿಯನ ಜೊತೆ ನಿಧಾನದ ಹಿಡಿತ. ಜೋರಿನ ಕುಸ್ತಿ ಕೊನೆಗೆ. ಹೊಸ ಹುಡುಗನನ್ನು ತಿಂಗಳುಗಟ್ಟಲೆ ಬರೀ ಬೀಳುವುದನ್ನು ಕಲಿಯಲು ಬಿಡುತ್ತಿದ್ದರಂತೆ. ಬೀಳಲು ಬಾರದವನಿಗೆ ಎತ್ತಲು ಕಲಿಸುತ್ತಿರಲಿಲ್ಲ.

ಜಾತ್ರೆಯ ಕುಸ್ತಿಯಲ್ಲೂ ಇದೇ ಕ್ರಮ. ಮೊದಲು ಸಣ್ಣ ಹುಡುಗರ ತೆಂಗಿನಕಾಯಿ ಕುಸ್ತಿ, ಆಮೇಲೆ ದೊಡ್ಡವರ ಕುಸ್ತಿ, ಕಡೆಗೆ ಬೆಳ್ಳಿ ಖಡೆಯ ಕುಸ್ತಿ. ಊರ ಹಿರಿಯರು ಇಬ್ಬರ ಕೈ ಹಿಡಿದು ಪಕ್ಕ ಪಕ್ಕ ನಿಲ್ಲಿಸಿ ನೋಡಿ ಜೋಡಿ ಕಟ್ಟುತ್ತಿದ್ದರು. ಜೋಡಿ ಸರಿಯಿಲ್ಲವೆಂದರೆ ಜನರೇ ಕೂಗಿ ಬಿಡಿಸುತ್ತಿದ್ದರು. ಮಾನಸೋಲ್ಲಾಸದ ವರ್ಗೀಕರಣವೇ ಬೇರೆ ರೂಪದಲ್ಲಿ ನಮ್ಮ ಜಾತ್ರೆಯ ಕಣದವರೆಗೆ ಬಂದಂತೆ ನನಗೆ ಕಾಣುತ್ತದೆ.

ತಾಲೀಮಿನಲ್ಲಿ ಎಲ್ಲವೂ ಸರಿಯಿತ್ತು ಎಂದು ನಾನು ಹೇಳುವುದಿಲ್ಲ. ಹೆಣ್ಣುಮಕ್ಕಳಿಗೆ ಅಲ್ಲಿ ಪ್ರವೇಶವಿರಲಿಲ್ಲ. ಮುರಿದ ಎಲುಬನ್ನು ಬಿದಿರಿನ ದಬ್ಬೆ ಕಟ್ಟಿ ಕೂರಿಸುವಾಗ ಸೊಟ್ಟ ಕೂತ ಕೈಗಳೂ ಊರಲ್ಲಿದ್ದವು. ಆದರೆ ದಿನವೂ ಮಾಡಬೇಕು, ನಿಧಾನ ಏರಬೇಕು, ನೆಲ ನೋಡಬೇಕು ಎಂಬ ಮೂರು ಮಾತು ಅಲ್ಲಿ ಗಟ್ಟಿಯಾಗಿದ್ದವು.

ಡ್ರಿಲ್ಲಿನಿಂದ ಕ್ರೀಡಾಕೂಟಕ್ಕೆ

ಶಾಲೆಗಳು ಬಂದ ಮೇಲೆ ವ್ಯಾಯಾಮ ಕವಾಯತಿನ ರೂಪ ತಾಳಿತು. 1920ರಲ್ಲಿ ಹ್ಯಾರಿ ಕ್ರೋ ಬಕ್ ಎಂಬುವರು ಮದ್ರಾಸಿನಲ್ಲಿ ವೈಎಂಸಿಎ ದೈಹಿಕ ಶಿಕ್ಷಣ ಕಾಲೇಜು ತೆರೆದರು. ದೈಹಿಕ ಶಿಕ್ಷಕ ಎಂಬ ತರಬೇತಿ ಪಡೆದ ಗುರು ನಮ್ಮ ದೇಶದ ಶಾಲೆಗಳಿಗೆ ಬರತೊಡಗಿದ್ದು ಅಂಥ ಸಂಸ್ಥೆಗಳಿಂದ. ನಮ್ಮ ಕಲಬುರಗಿ ಆಗ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. 1948ರ ಸೆಪ್ಟೆಂಬರ್ 17ರಂದು ವಿಮೋಚನೆಯಾಗಿ, 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು. ಹಳ್ಳಿಗಳಿಗೆ ಪ್ರೌಢಶಾಲೆ ಬರಲು ಇನ್ನೂ ವರ್ಷಗಳು ಹಿಡಿದವು. ನಮ್ಮ ಶಾಲೆಗೆ ಈಗ ಐವತ್ತು ತುಂಬುತ್ತಿರುವುದೇ ಅದಕ್ಕೆ ಸಾಕ್ಷಿ.

ಜಗತ್ತಿನ ಕಡೆ ನೋಡಿದರೆ, ಕ್ರಿಸ್ತಶಕ ಎರಡನೆಯ ಶತಮಾನದಲ್ಲೇ ಗೇಲನ್ ಎಂಬ ವೈದ್ಯ ಪೆರ್ಗಮನ್ ನಗರದಲ್ಲಿ ಕತ್ತಿಕಾಳಗದ ಮಲ್ಲರಿಗೆ ಚಿಕಿತ್ಸೆ ಮಾಡುತ್ತಿದ್ದ. 1928ರಲ್ಲಿ ಸೇಂಟ್ ಮೊರಿಟ್ಜ್ ಚಳಿಗಾಲದ ಒಲಿಂಪಿಕ್ಸ್ ನಡೆದಾಗ ಬೇರೆ ಬೇರೆ ದೇಶದ ವೈದ್ಯರು ಸೇರಿ ಕ್ರೀಡಾ ವೈದ್ಯಕೀಯದ ಅಂತರರಾಷ್ಟ್ರೀಯ ಸಂಘ ಕಟ್ಟಿದರು. ನಮ್ಮ ದೇಶದಲ್ಲಿ 1961ರಲ್ಲಿ ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆ ಆರಂಭವಾಗಿ ತರಬೇತುದಾರರು ತಯಾರಾಗತೊಡಗಿದರು.

ಇಷ್ಟೆಲ್ಲ ಆದರೂ ಹಳ್ಳಿಯ ಶಾಲೆಯಲ್ಲಿ ಒಂದು ಎಡವಟ್ಟು ನಡೆದುಹೋಯಿತು. ಆಟ ದಿನದ ಕೆಲಸವಾಗಿದ್ದದ್ದು ವರ್ಷಕ್ಕೊಂದು ಕೂಟವಾಯಿತು. ಹತ್ತು ತಿಂಗಳು ಪುಸ್ತಕ ಹಿಡಿದು ಕೂತ ಹುಡುಗ ಹದಿನೈದು ದಿನ ಅಭ್ಯಾಸ ಮಾಡಿ ನೇರವಾಗಿ ಮೈದಾನಕ್ಕೆ ಇಳಿಯುತ್ತಾನೆ. ಒಂದೇ ದಿನ ಮೂರು ಓಟ, ಎರಡು ಜಿಗಿತ, ಸಂಜೆಗೆ ಕಬಡ್ಡಿ. ತಾಲೀಮಿನ ಹಿರಿಯರು ಇದನ್ನು ಕಂಡಿದ್ದರೆ ಕೋಲು ಹಿಡಿದು ಅಟ್ಟುತ್ತಿದ್ದರು. ಆಟ ಆಡುವವರೇ ಹೆಚ್ಚಾಗಿ ಗಾಯಗೊಳ್ಳುತ್ತಾರೆ ಎಂದು ನಾವು ತಿಳಿಯುತ್ತೇವೆ. ಅಭ್ಯಾಸವಿಲ್ಲದೆ ಒಮ್ಮೆಲೇ ಹೆಚ್ಚು ಆಡುವವರಿಗೆ ಅಪಾಯ ಇನ್ನೂ ದೊಡ್ಡದು.

ಪ್ರೌಢಶಾಲೆಯ ವಯಸ್ಸಿನಲ್ಲಿ ಇನ್ನೊಂದು ತೊಡಕಿದೆ. ಎಲುಬಿನ ತುದಿಗಳು ಇನ್ನೂ ಬೆಳೆಯುತ್ತಿರುತ್ತವೆ. ಸ್ನಾಯು ಜಗ್ಗುವ ಜಾಗ ಮೆತ್ತಗಿರುತ್ತದೆ. ಎಂಟು, ಒಂಬತ್ತನೆಯ ತರಗತಿಯ ಕೆಲವು ಹುಡುಗರಿಗೆ ಮೊಣಕಾಲ ಚಿಪ್ಪಿನ ಕೆಳಗೆ ಗಂಟು ಬಂದು ನೋಯುವುದನ್ನು ನೀವು ನೋಡಿರಬಹುದು. 1903ರಲ್ಲೇ ಆಸ್‌ಗುಡ್ ಮತ್ತು ಶ್ಲಾಟರ್ ಎಂಬ ಇಬ್ಬರು ವೈದ್ಯರು ಬೇರೆ ಬೇರೆಯಾಗಿ ಇದನ್ನು ವಿವರಿಸಿ ಬರೆದರು. ಜಿಗಿತ, ಓಟ ಸ್ವಲ್ಪ ಕಡಿಮೆ ಮಾಡಿದರೆ ಬಹುಪಾಲು ತಾನೇ ಕಡಿಮೆಯಾಗುತ್ತದೆ. 'ನಾಟಕ ಮಾಡ್ತಾನ' ಎಂದು ಬೈದು ಓಡಿಸಿದರೆ ನೋವು ಮಾತ್ರ ಹೆಚ್ಚುತ್ತದೆ.

ನಮ್ಮ ನಾಡಿನ ಇಬ್ಬರು ಎಂಜಿನಿಯರುಗಳು

ಗಾಯದ ವಿಷಯ ನಮ್ಮ ಕಾಲದ ಹುಡುಗರಿಗೆ ತಿಳಿದದ್ದು ಕ್ರಿಕೆಟ್ ನೋಡಿ. ಮೈಸೂರಿನ ಜಾವಗಲ್ ಶ್ರೀನಾಥ್ 1997ರಲ್ಲಿ ಭುಜದ ಗಾಯದಿಂದ ವೆಸ್ಟ್ ಇಂಡೀಸ್ ಪ್ರವಾಸ ತಪ್ಪಿಸಿಕೊಂಡರು. ಬೆಂಗಳೂರಿನ ಅನಿಲ್ ಕುಂಬ್ಳೆ ಭುಜದ ಶಸ್ತ್ರಚಿಕಿತ್ಸೆಯಿಂದಾಗಿ 2001ರಲ್ಲಿ ಆಸ್ಟ್ರೇಲಿಯಾ ವಿರುದ್ಧದ ಹೆಸರಾದ ಸರಣಿಯನ್ನು ಹೊರಗೆ ಕೂತು ನೋಡಬೇಕಾಯಿತು. ಇಬ್ಬರೂ ಎಂಜಿನಿಯರಿಂಗ್ ಓದಿದವರು ಎಂಬುದು ನನ್ನಂಥವನಿಗೆ ಒಂದು ಹೆಮ್ಮೆ. ಇಬ್ಬರೂ ಮತ್ತೆ ಆಟಕ್ಕೆ ಮರಳಿದರು. ಕುಂಬ್ಳೆಯವರ 619 ಟೆಸ್ಟ್ ವಿಕೆಟ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚು ಆ ಶಸ್ತ್ರಚಿಕಿತ್ಸೆಯ ನಂತರ ಪಡೆದವು.

ಅವರು ಮರಳಿದ್ದು ಬರೀ ಛಲದಿಂದಲ್ಲ. ಆ ಹೊತ್ತಿಗೆ ಭಾರತ ತಂಡಕ್ಕೆ ಆಂಡ್ರ್ಯೂ ಲೀಪಸ್ ಎಂಬ ಪೂರ್ಣಾವಧಿ ಫಿಸಿಯೊಥೆರಪಿಸ್ಟ್ ಬಂದಿದ್ದರು. 2000ದಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿ ಆರಂಭವಾಯಿತು. ಗಾಯವಾದರೆ ವಿಶ್ರಾಂತಿ, ಹಂತ ಹಂತದ ವ್ಯಾಯಾಮ, ಪೂರ್ತಿ ಬಲ ಬಂದ ಮೇಲೆ ಆಟ ಎಂಬ ಕ್ರಮ ಬಂತು. ಹರಿಯಾಣದ ಕುಸ್ತಿಪಟು ವಿನೇಶ್ ಫೋಗಟ್ 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಮೊಣಕಾಲಿಗೆ ಪೆಟ್ಟಾಗಿ ಸ್ಟ್ರೆಚರ್ ಮೇಲೆ ಹೊರಬಂದರು. ಎರಡು ವರ್ಷದ ನಂತರ ಕಾಮನ್‌ವೆಲ್ತ್ ಚಿನ್ನ ಗೆದ್ದರು. ಇದನ್ನು ನಮ್ಮ ಊರ ತಂದೆತಾಯಿಗಳು ಗಮನಿಸಬೇಕು. ಗಂಡುಹುಡುಗನ ಕಾಲು ಉಳುಕಿದರೆ "ವಾಸಿಯಾಗ್ತದ" ಎನ್ನುತ್ತೇವೆ. ಹೆಣ್ಣುಮಗಳ ಕಾಲು ಉಳುಕಿದರೆ "ಇನ್ನ ಸಾಕು, ಆಟ ಬಿಡು" ಎನ್ನುತ್ತೇವೆ. ನನ್ನ ತರಗತಿಯಲ್ಲೇ ಒಬ್ಬಳು ಚುರುಕಾದ ಓಟಗಾರ್ತಿ ಹೀಗೆ ಮನೆಗೆ ಸೇರಿದಳು.

ವಿಜ್ಞಾನ ಕಂಡುಕೊಂಡದ್ದು

ಗೆಳೆಯನ ಕಾಲು ಮತ್ತೆ ಮತ್ತೆ ಏಕೆ ಉಳುಕಿತು ಎಂಬ ಪ್ರಶ್ನೆ ನನ್ನನ್ನು ಬಹಳ ಕಾಲ ಕಾಡಿತು. ಉತ್ತರ 1965ರಷ್ಟು ಹಳೆಯದು. ಲಂಡನ್ನಿನ ಎಲುಬಿನ ವೈದ್ಯ ಫ್ರೀಮನ್ ಒಂದು ವಿಷಯ ಎತ್ತಿ ತೋರಿಸಿದರು. ಹಿಮ್ಮಡಿಯ ಬಂಧಕಗಳು ಬರೀ ಹಗ್ಗವಲ್ಲ, ಪಾದ ಎತ್ತ ವಾಲುತ್ತಿದೆ ಎಂದು ಮಿದುಳಿಗೆ ತಿಳಿಸುವ ನರದ ತುದಿಗಳೂ ಅವುಗಳಲ್ಲಿವೆ. ಉಳುಕಿದಾಗ ಅವೂ ಹಾಳಾಗುತ್ತವೆ. ಊತ ಇಳಿದರೂ ಆ ಸುದ್ದಿ ಸರಿಯಾಗಿ ಹೋಗುವುದಿಲ್ಲ. ಅದಕ್ಕೇ ಕಾಲು ಮತ್ತೆ ಕೈಕೊಡುತ್ತದೆ. ಸಮತೋಲದ ವ್ಯಾಯಾಮ ಮಾಡಿಸಿದಾಗ ಈ ತೊಂದರೆ ಕಡಿಮೆಯಾಯಿತು. ಆ ವ್ಯಾಯಾಮಕ್ಕೆ ದೊಡ್ಡ ಯಂತ್ರ ಬೇಕಿಲ್ಲ. ಒಂಟಿ ಕಾಲ ಮೇಲೆ ನಿಲ್ಲುವುದು, ಅದು ಬಂದ ಮೇಲೆ ಕಣ್ಣು ಮುಚ್ಚಿ ನಿಲ್ಲುವುದು, ಅಷ್ಟೇ. ದಿನಕ್ಕೆ ಐದು ನಿಮಿಷ. 2003ರಲ್ಲಿ ಈ ವಿದ್ಯೆಗೆ ಮೂವತ್ತೆಂಟು ವರ್ಷ ವಯಸ್ಸಾಗಿತ್ತು. ನಮ್ಮ ಮೈದಾನಕ್ಕೆ ಅದು ತಲುಪಿರಲಿಲ್ಲ.

1992ರಲ್ಲಿ ನೆದರ್‌ಲ್ಯಾಂಡ್ಸ್‌ನ ವಾನ್ ಮೆಕೆಲೆನ್ ಮತ್ತು ಸಂಗಡಿಗರು ಗಾಯ ತಡೆಯಲು ನಾಲ್ಕು ಹೆಜ್ಜೆ ಹೇಳಿದರು. ಎಷ್ಟು ಗಾಯ ಆಗುತ್ತಿವೆ ಎಂದು ಬರೆದಿಡಿ. ಏಕೆ ಆಗುತ್ತಿವೆ ಎಂದು ಹುಡುಕಿ. ಒಂದು ಉಪಾಯ ಮಾಡಿ. ಮತ್ತೆ ಎಣಿಸಿ ನೋಡಿ. ಸಾಫ್ಟ್‌ವೇರ್ ಕೆಲಸದಲ್ಲಿ ತಪ್ಪು ಹುಡುಕಲು ನಾವು ದಿನವೂ ಮಾಡುವುದು ಇದನ್ನೇ. ಬರೆದಿಡದ ತಪ್ಪನ್ನು ಯಾರೂ ತಿದ್ದಲಾರರು.

ಎಣಿಸಿ ನೋಡಿದವರಿಗೆ ಫಲ ಸಿಕ್ಕಿತು. ಫುಟ್‌ಬಾಲ್ ಸಂಸ್ಥೆಯಾದ ಫಿಫಾದ ವೈದ್ಯರು ನಾರ್ವೆಯವರ ಜೊತೆ ಸೇರಿ '11 ಪ್ಲಸ್' ಎಂಬ ಇಪ್ಪತ್ತು ನಿಮಿಷದ ಕ್ರಮ ಮಾಡಿದರು. ನಿಧಾನದ ಓಟ, ಹೊಟ್ಟೆ ಮತ್ತು ತೊಡೆಯ ಬಲದ ವ್ಯಾಯಾಮ, ಸಮತೋಲ, ಸರಿಯಾಗಿ ಜಿಗಿದು ಇಳಿಯುವುದು, ಕಡೆಗೆ ಜೋರಿನ ಓಟ. ನಾರ್ವೆಯಲ್ಲಿ 13ರಿಂದ 17 ವರ್ಷದ 1892 ಹುಡುಗಿಯರ ಮೇಲೆ ಒಂದು ಋತುವಿಡೀ ಪರೀಕ್ಷಿಸಿ 2008ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಟ್ಟು ಗಾಯಗಳ ಅಪಾಯ ಸುಮಾರು ಮೂರನೆಯ ಒಂದು ಭಾಗ ಇಳಿದಿತ್ತು. ತೀವ್ರ ಗಾಯಗಳು ಸುಮಾರು ಅರ್ಧಕ್ಕೆ ಇಳಿದಿದ್ದವು. 2011ರಲ್ಲಿ ಡೆನ್ಮಾರ್ಕಿನ 942 ಫುಟ್‌ಬಾಲ್ ಆಟಗಾರರ ಪರೀಕ್ಷೆ ಹೊರಬಂತು. ಮಂಡಿಯೂರಿ ಕೂತವನ ಪಾದ ಇನ್ನೊಬ್ಬ ಹಿಡಿದಿರುವಾಗ ಮುಂದಕ್ಕೆ ನಿಧಾನ ಬಾಗುವ ಒಂದೇ ವ್ಯಾಯಾಮ. ಅದನ್ನು ಮಾಡಿದ ಗುಂಪಿನಲ್ಲಿ ತೊಡೆಯ ಹಿಂಭಾಗದ ಸ್ನಾಯು ಗಾಯ 15, ಮಾಡದ ಗುಂಪಿನಲ್ಲಿ 52. ಖರ್ಚು ಒಂದು ರೂಪಾಯಿಯೂ ಇಲ್ಲ.

ಪ್ರಥಮ ಚಿಕಿತ್ಸೆಯೂ ಬದಲಾಗಿದೆ. 1978ರಲ್ಲಿ ಅಮೆರಿಕದ ವೈದ್ಯ ಗೇಬ್ ಮರ್ಕಿನ್ ವಿಶ್ರಾಂತಿ, ಮಂಜುಗಡ್ಡೆ, ಬಿಗಿಪಟ್ಟಿ, ಕಾಲು ಎತ್ತರಕ್ಕಿಡುವುದು ಎಂಬ ನಾಲ್ಕು ಮಾತಿನ ಸೂತ್ರ ಕೊಟ್ಟರು. ಅದು ಜಗತ್ತಿಗೆಲ್ಲ ಹರಡಿತು. 2014ರಲ್ಲಿ ಅವರೇ, ಮಂಜುಗಡ್ಡೆ ಮತ್ತು ಪೂರ್ತಿ ವಿಶ್ರಾಂತಿ ಗಾಯ ಮಾಯುವುದನ್ನು ನಿಧಾನ ಮಾಡಬಹುದು ಎಂದು ತಮ್ಮ ಮಾತನ್ನು ತಿದ್ದಿಕೊಂಡರು. ಈಗಿನ ಸಲಹೆ ಇಷ್ಟು: ಆಟ ನಿಲ್ಲಿಸಿ, ಕ್ರೇಪ್ ಬ್ಯಾಂಡೇಜ್ ಕಟ್ಟಿ, ಕಾಲು ದಿಂಬಿನ ಮೇಲಿಡಿ, ನೋವು ತಡೆಯಲಾಗದಿದ್ದರೆ ಬಟ್ಟೆ ಸುತ್ತಿದ ಮಂಜುಗಡ್ಡೆ ಸ್ವಲ್ಪ ಹೊತ್ತು ಇಡಬಹುದು. ಮೊದಲ ಎರಡು ಮೂರು ದಿನ ಬಿಸಿ ಕಾಸುವುದು, ಎಣ್ಣೆ ಹಚ್ಚಿ ತಿಕ್ಕುವುದು ಬೇಡ. ಆಮೇಲೆ ನೋವು ತಾಳುವಷ್ಟು ನಡೆಯುವುದು, ಸಮತೋಲದ ವ್ಯಾಯಾಮ. ನಾಲ್ಕು ಹೆಜ್ಜೆ ಇಡಲು ಆಗದಿದ್ದರೆ, ಅಥವಾ ಹಿಮ್ಮಡಿಗಂಟಿನ ಎಲುಬನ್ನು ಒತ್ತಿದರೆ ನೋಯುತ್ತಿದ್ದರೆ ಎಕ್ಸ್‌ರೇ ಮಾಡಿಸಲೇಬೇಕು. ಈ ನಾಲ್ಕು ಹೆಜ್ಜೆಯ ಲೆಕ್ಕ 1992ರಲ್ಲಿ ಕೆನಡಾದ ಒಟ್ಟಾವಾ ವೈದ್ಯರು ಕೊಟ್ಟದ್ದು. ತಲೆಗೆ ಪೆಟ್ಟು ಬಿದ್ದು ತಲೆ ಸುತ್ತಿದರೆ, ವಾಂತಿ ಬಂದರೆ, ಮಾತು ತೊದಲಿದರೆ ಅಂದು ಆಟ ಮುಗಿಯಿತು, ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಕಬಡ್ಡಿ ಆಡುವ ಮಕ್ಕಳಿಗೆ ಒಂದು ಮಾತು. 2014ರಿಂದ ಟಿವಿಯಲ್ಲಿ ಪ್ರೊ ಕಬಡ್ಡಿ ನೋಡಿ ಎಲ್ಲರಿಗೂ ಮ್ಯಾಟ್ ಆಸೆ. ಮ್ಯಾಟ್ ಮೇಲೆ ಬಿದ್ದರೆ ಮೈ ತರಚುವುದಿಲ್ಲ, ನಿಜ. ಆದರೆ ಬೂಟು ಮ್ಯಾಟಿಗೆ ಗಟ್ಟಿಯಾಗಿ ಹಿಡಿಯುತ್ತದೆ. ಪಾದ ನಿಂತು ಮೈ ತಿರುಗಿದರೆ ನಡುವಿನ ಮೊಣಕಾಲು ತಿರುಚುತ್ತದೆ. ಮಣ್ಣಿನಲ್ಲಿ ಬರಿಗಾಲಲ್ಲಿ ಕಲಿತವರು ಮ್ಯಾಟ್ ಪಂದ್ಯಕ್ಕೆ ಮುಂಚೆ ಬೂಟಿನಲ್ಲಿ ಕೆಲವು ದಿನ ಅಭ್ಯಾಸ ಮಾಡಲೇಬೇಕು. ನಮ್ಮ ಕಲಬುರಗಿಯ ಬಿಸಿಲೂ ಒಂದು ಎದುರಾಳಿಯೇ. ಅಭ್ಯಾಸ ಬೆಳಿಗ್ಗೆ ಅಥವಾ ಸಂಜೆ ಇರಲಿ. ನೀರಿನ ಜೊತೆ ಉಪ್ಪು ಹಾಕಿದ ಮಜ್ಜಿಗೆ ಅಥವಾ ಜೋಳದ ಅಂಬಲಿ ಇರಲಿ, ತಿನ್ನಲು ಎರಡು ಕಮಲಾಪುರದ ಕೆಂಪು ಬಾಳೆಹಣ್ಣು ಇರಲಿ.

ಶಾಲೆಗೆ ನನ್ನ ಕೋರಿಕೆ

ಲೇಖನ ಬರೆಯುವ ಮುಂಚೆ ಗೆಳೆಯನ ಹೊಲಕ್ಕೆ ಹೋಗಿದ್ದೆ. ಬದುವಿನ ಮೇಲೆ ಕೂತು ಹಳೆಯದೆಲ್ಲ ಮಾತಾಡಿದೆವು. ಇಪ್ಪತ್ತು ವರ್ಷದಿಂದ ಮನಸ್ಸಿನಲ್ಲಿದ್ದ ಮಾತನ್ನು ಹೇಳಿಬಿಟ್ಟೆ.

"ಅವತ್ತು ನಿನ್ನ ಎಬ್ಬಿಸಬಾರದಿತ್ತಪ್ಪ ನಾ."

ಅವನು ನಕ್ಕ. "ನೀ ಹೇಳಿಲ್ಲಂದ್ರೂ ನಾ ಆಡ್ತಿದ್ದೆ ಬಿಡು. ನಮಗೇನು ಗೊತ್ತಿತ್ತು?" ಸ್ವಲ್ಪ ಹೊತ್ತು ಸುಮ್ಮನಿದ್ದು ಆಮೇಲೆ ಹೇಳಿದ: "ನನ್ನ ಮಗಳು ಈ ವರ್ಷ ಎಂಟನೇತ್ತಕ್ಕ ನಮ್ಮ ಸಾಲಿಗೇ ಬಂದಾಳ. ಖೋಖೋ ಆಡ್ತಾಳ. ಅಕಿಗರ ಯಾರರೆ ಹೇಳಲಿ."

ಅವನ ಆ ಮಾತಿಗಾಗಿ ಗುರುಗಳಲ್ಲಿ, ಎಸ್‌ಡಿಎಂಸಿಯವರಲ್ಲಿ, ನನ್ನ ಹಳೆಯ ವಿದ್ಯಾರ್ಥಿ ಬಂಧುಗಳಲ್ಲಿ ಮೂರು ಕೋರಿಕೆ.

ಒಂದು, ಆಟದ ಅವಧಿಯ ಮೊದಲ ಹದಿನೈದು ಇಪ್ಪತ್ತು ನಿಮಿಷ ಮೈ ಕಾಯಿಸುವುದಕ್ಕೆ, ಬಲಕ್ಕೆ, ಒಂಟಿ ಕಾಲಿನ ಸಮತೋಲಕ್ಕೆ ಮೀಸಲಿರಲಿ. ವರ್ಷವಿಡೀ ಇರಲಿ. ಕೂಟದ ದಿನ ತಂಡ ತಡವಾಗಿ ತಲುಪಿದರೂ ಇದನ್ನು ಬಿಡದಿರಲಿ.

ಎರಡು, ಅಭ್ಯಾಸಕ್ಕೆ ಮುಂಚೆ ಮಕ್ಕಳು ಸಾಲಾಗಿ ಮೈದಾನದಲ್ಲಿ ನಡೆದು ಕಲ್ಲು, ಗಾಜು ಆರಿಸಲಿ, ಗುಳಿ ಮುಚ್ಚಲಿ. ಜಿಗಿತದ ಗುಂಡಿಯ ಮರಳನ್ನು ಜಿಗಿಯುವವರೇ ಕೆದರಲಿ. ತಾಲೀಮಿನ ಪದ್ಧತಿ ಹೀಗೆ ಮರಳಿ ಬರಲಿ. ಮೈದಾನಕ್ಕೆ ಬೇಕಾದ ಮುರುಮಿನ ಖರ್ಚನ್ನು ನಮ್ಮ 2004ರ ಬ್ಯಾಚಿನವರು ಕೊಡಲು ಒಪ್ಪಿದ್ದೇವೆ.

ಮೂರು, ಗೆದ್ದವರ ಪಟ್ಟಿಯ ಪಕ್ಕದಲ್ಲಿ ಬಿದ್ದವರ ಪಟ್ಟಿಯೂ ಇರಲಿ. ದಿನಾಂಕ, ಆಟ, ಯಾವ ಕಾಲು, ಹೇಗೆ ಬಿದ್ದದ್ದು, ಎಷ್ಟು ದಿನಕ್ಕೆ ಮರಳಿದ್ದು, ಇಷ್ಟು ಬರೆದರೆ ಸಾಕು. ಒಂದೇ ಮೂಲೆಯಲ್ಲಿ ಮೂವರು ಬಿದ್ದಿದ್ದರೆ ಆ ಮೂಲೆಯ ನೆಲ ಸರಿಯಿಲ್ಲವೆಂದು ಪುಸ್ತಕವೇ ಹೇಳುತ್ತದೆ. ಈ ಪಟ್ಟಿಯಲ್ಲಿ ಹೆಸರಿರುವ ಮಗುವನ್ನು ಗುರುಗಳ ಒಪ್ಪಿಗೆಯಿಲ್ಲದೆ ಯಾವ ನಾಯಕನೂ ಆಟಕ್ಕೆ ಎಬ್ಬಿಸಬಾರದು. ಇದು ಒಬ್ಬ ಹಳೆಯ ನಾಯಕನ ಮಾತು.

ಐವತ್ತು ವರ್ಷ ನಮ್ಮಂಥ ಹಳ್ಳಿಯ ಮಕ್ಕಳಿಗೆ ಅಕ್ಷರ ಕೊಟ್ಟ, ಆಡಲು ಮೈದಾನ ಕೊಟ್ಟ ಶಾಲೆ ಇದು. ಕಲಿಸಿದ ಗುರುಗಳಿಗೆಲ್ಲ ನನ್ನ ನಮಸ್ಕಾರಗಳು. ದಪ್ಪ ರಟ್ಟಿನ ಒಂದು ನೋಟ್‌ಬುಕ್ಕನ್ನು ಮುಖ್ಯಗುರುಗಳ ಕೈಗೆ ಕೊಟ್ಟು ಬಂದಿದ್ದೇನೆ. ಮೊದಲ ಸಾಲನ್ನು ಗೆಳೆಯನನ್ನು ಕೇಳಿ ನಾನೇ ಬರೆದಿದ್ದೇನೆ: 2003, ಕಬಡ್ಡಿ, ಬಲಗಾಲ ಹಿಮ್ಮಡಿ, ಮೈ ಕಾಯಿಸದೆ ಆಡಿದ್ದು, ಊದಿದ ಕಾಲಿನಲ್ಲಿ ಮತ್ತೆ ಆಡಿಸಿದ್ದು.